ಶನಿವಾರದ ಮುಟ್ಟು

ಜೂನ್ 22, ಭಾನುವಾರ

ಬರೆಯಿರಿ ಎಂದಿದ್ದಾರೆ ಡಾಕ್ಟರಮ್ಮ. ಬರೆಯುತ್ತಿದ್ದೇನೆ. ಹತ್ತು ವರ್ಷದಿಂದ ಬಿಸಿಯೂಟದವರ ಸಂಘದ ಕರಪತ್ರ, ಮನವಿ, ನಡಾವಳಿ ಬರೆದ ಕೈ ಇದು. ತಾಲ್ಲೂಕಿನ ಬಿಸಿಯೂಟದ ಹೆಂಗಸರ ಬೆನ್ನುನೋವು, ಸುಟ್ಟ ಕೈ, ಗ್ಯಾಸಿನ ಹೊಗೆ ಎಲ್ಲವನ್ನೂ ಬರೆದಿದ್ದೇನೆ. ನನ್ನ ಹೊಟ್ಟೆಯ ಬಗ್ಗೆ ಒಂದು ಸಾಲು ಬರೆದವಳಲ್ಲ.

ನಿನ್ನೆ ನಂಜನಗೂಡಿನ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ನರಸೀಪುರದಲ್ಲಿ ಹೋದ ಕಡೆಯೆಲ್ಲ ಗುರುತಿನವರು, ಅದಕ್ಕೇ ಅಷ್ಟು ದೂರ. ನಾನು ಅಡುಗೆ ಮಾಡುವ ಶಾಲೆಗೆ ಹೇಳಿದ್ದು ಸಂಘದ ಮೀಟಿಂಗ್ ಎಂದು. ಪ್ರತಿ ತಿಂಗಳ ಮೂರನೇ ಶನಿವಾರ ಮೀಟಿಂಗ್ ಇರುವುದು ನಮ್ಮ ಹೆಡ್ಡು ಸಿದ್ದರಾಜು ಮೇಷ್ಟ್ರಿಗೂ ಗೊತ್ತು. ನನ್ನ ಕಾಯಿಲೆಗೆ ಸಿಕ್ಕುವ ರಜೆ ಅದೊಂದೇ.

ಸ್ಕ್ಯಾನ್ ಮಾಡಿದರು. ಎಡಗಡೆ ಅಂಡಾಶಯದಲ್ಲಿ ಒಂದು ನೀರುಗುಳ್ಳೆಯಂತೆ. ಸಿಸ್ಟ್ ಎನ್ನುತ್ತಾರೆ. ಐದು ಸೆಂಟಿಮೀಟರ್.

"ತೆಗ್ದಾಕ್ಬುಡಿ ಮೇಡಂ," ಎಂದೆ.

"ತೆಗೆಯೋದು ಬೇಡ. ಕಾಯೋಣ. ಎರಡು ತಿಂಗಳು ಬಿಟ್ಟು ಬನ್ನಿ."

ನನಗೆ ರೇಗಿತು. ಎರಡು ತಿಂಗಳು ಬಿಟ್ಟು ಬನ್ನಿ ಎನ್ನುವ ಮಾತನ್ನು ಎಷ್ಟು ಆಫೀಸಿನಲ್ಲಿ ಕೇಳಿಲ್ಲ ನಾನು! "ಸಾಗಾಕಕ್ಕೆ ಹೇಳ್ತಿದೀರಾ, ನಿಜವಾಗ್ಲೂ ಹೇಳ್ತಿದೀರಾ?" ಎಂದು ಕೇಳಿಯೇಬಿಟ್ಟೆ. ಆಕೆ ನಕ್ಕು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಪ್ರತಿ ಹೆಂಗಸಿಗೂ ತಿಂಗಳ ನಡುವೆ ಒಂದು ಸಣ್ಣ ಗುಳ್ಳೆ ಬೆಳೆಯುತ್ತದೆ, ಒಡೆಯುತ್ತದೆ, ಇಂಗಿ ಹೋಗುತ್ತದೆ. ಕೆಲವು ಸಲ ಇಂಗದೆ ದೊಡ್ಡದಾಗುತ್ತದೆ. ಬಹಳಷ್ಟು ತಾವಾಗಿಯೇ ಹೋಗುತ್ತವೆ. ಹೋಗುವ ಜಾತಿಯದೋ, ಕೂತುಬಿಡುವ ಜಾತಿಯದೋ ತಿಳಿಯಬೇಕಾದರೆ ಮುಟ್ಟು ಶುರುವಾದ ಐದರಿಂದ ಎಂಟನೇ ದಿನದೊಳಗೆ ನೋಡಬೇಕು. ಅಲ್ಲಿಯವರೆಗೆ ಮುಟ್ಟಿನ ತಾರೀಖು, ನೋವು, ಹೊಟ್ಟೆಯುಬ್ಬರ ಎಲ್ಲ ಬರೆದಿಡಬೇಕು. ಸಹಿಸಲಾರದ ನೋವು ತಟ್ಟನೆ ಬಂದರೆ, ವಾಂತಿಯಾದರೆ, ಜ್ವರ ಬಂದರೆ, ಕಣ್ಣು ಕತ್ತಲೆ ಬಂದರೆ ಮಾತ್ರ ಒಂದು ಗಳಿಗೆ ಕಾಯಕೂಡದು.

"ಕೊನೇ ಮುಟ್ಟು ಯಾವತ್ತಾಯ್ತು?"

"ಹೋದ ಶನಿವಾರ."

ತಾನಾಗಿ ಬಾಯಿಗೆ ಬಂತು. ನಮ್ಮ ಶಾಲೆಯಲ್ಲಿ ಅಡುಗೆಯವರು ಮೂರು ಜನ. ಪುಟ್ಟಗೌರಮ್ಮಕ್ಕ, ನಾನು, ರಾಣಿ. ಮೂವರಿಗೂ ಮುಟ್ಟು ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಬಂದು, ಸೋಮವಾರ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಮುಗಿದಿರುತ್ತದೆ. ಊರು ಕೇಳಿದರೆ ನಾವು ಹೇಳುವುದು ಇದೇ. ಊರು ನಂಬಿದೆಯೋ, ನಂಬಿದ ಹಾಗೆ ಇದೆಯೋ ಗೊತ್ತಿಲ್ಲ.

ನಿಜಕ್ಕೂ ಆಗಿದ್ದು ಮೇ ಕೊನೆಯಲ್ಲಿ. ಅರ್ಜಿಯಲ್ಲಿ ಕಾಲಂ ಖಾಲಿ ಬಿಡಬಾರದು, ತುಂಬಿ ಬಂದೆ.

ಜೂನ್ 27, ಶುಕ್ರವಾರ

ಹೊಟ್ಟೆಯ ಎಡಗಡೆ ಕೆಳಗೆ ಯಾರೋ ದಾರ ಕಟ್ಟಿ ಎಳೆದ ಹಾಗೆ. ಜೋರಿಲ್ಲ. ತಪ್ಪಲೆ ಇಳಿಸುವಾಗ ಗೊತ್ತಾಗುತ್ತದೆ. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ. ಗಂಟೆಗೊಮ್ಮೆ ಒಂದಕ್ಕೆ ಹೋಗಬೇಕು. ಇಷ್ಟು ದಿನ ಗ್ಯಾಸು ಎಂದು ಸೋಡಾ ಕುಡಿದೆ, ಉಷ್ಣ ಎಂದು ಎಳನೀರು ಕುಡಿದೆ. ಧರಣಿಗೆ ಕೂರುವ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಕಕ್ಕಸು ಇರುವುದಿಲ್ಲವಲ್ಲ. ಆ ಅಭ್ಯಾಸದಲ್ಲಿ ಇದನ್ನೂ ತಡೆದುಕೊಂಡೇ ಇದ್ದೆ.

ಬರೆದು ನೋಡಿದರೆ ಮೂರೂ ಒಂದೇ ಮನೆಯವು.

ಜುಲೈ 2, ಬುಧವಾರ

ಇವತ್ತಾಯಿತು. ಮೊದಲ ದಿನ. ಸೊಂಟ ಬಿದ್ದುಹೋಗುವಷ್ಟು ನೋವು. ನೂರಾ ನಲವತ್ತು ಮಕ್ಕಳಿಗೆ ಅನ್ನ ಬಸಿದೆ. ಯಾರಿಗೂ ಹೇಳಲಿಲ್ಲ.

ಹೇಳುವುದು ಹೇಗೆ? ಹನ್ನೊಂದು ವರ್ಷದ ಹಿಂದೆ ನಮ್ಮ ಬೀದಿಯವಳು ಸೌಟು ಹಿಡಿದರೆ ಮಕ್ಕಳು ಉಣ್ಣುವುದಿಲ್ಲ ಎಂದು ಚಾಮಯ್ಯ ಶಾಲೆಯ ಗೇಟಿಗೆ ಅಡ್ಡ ನಿಂತಿದ್ದ. ಈಗ ಅವನೇ ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ ಅಧ್ಯಕ್ಷ. ಹದಿನೇಳು ದಿನ ನಾನು ಮಾಡಿದ ಅನ್ನವನ್ನು ನಾನೇ ಹೊತ್ತುಕೊಂಡು ಹೋಗಿ ನಮ್ಮ ಬೀದಿಗೆ ಹಂಚಿದೆ. ಸಂಘ ಬಂತು, ತಮಟೆ ಬಂತು, ಪೊಲೀಸು ಬಂದರು. ಹದಿನೆಂಟನೇ ದಿನ ಮಕ್ಕಳೇ ಗೇಟಿನ ಸಂದಿಯಲ್ಲಿ ನುಗ್ಗಿ ತಟ್ಟೆ ಹಿಡಿದವು. ಹಾಗೆ ಗೆದ್ದ ಸೌಟು ಇದು. ಜಾತಿ ನೆಪ ಹೋಯಿತು ಎಂದುಕೊಂಡಿರುವಾಗ ಮುಟ್ಟು ಎಂಬ ನೆಪವನ್ನು ನಾನೇ ಕೊಡಲೇ? ಗೌರಮ್ಮಕ್ಕ ಗೌಡರ ಮನೆಯವಳು, ಅವಳಿಗೆ ಒಂದು ಮಾತು ಅಂದು ಬಿಡುತ್ತಾರೆ. ನನ್ನಿಂದ ಸೌಟೇ ಕಿತ್ತುಕೊಳ್ಳುತ್ತಾರೆ.

ಅದಕ್ಕೇ ಶನಿವಾರ.

ಜುಲೈ 19, ಶನಿವಾರ

ನೋವಿಲ್ಲ. ಒಳ್ಳೆಯ ದಿನ. ನರಸೀಪುರದ ಮೀಟಿಂಗಿನಲ್ಲಿ ಒಬ್ಬಳು ಹೊಟ್ಟೆ ನೋಡಿ, "ಏನ್ ಕಾರ್ಯದರ್ಶಿಗಳೇ, ಇಸೇಸವಾ?" ಎಂದಳು. "ಹೂಂ, ಐದು ಸೆಂಟಿಮೀಟ್ರು," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೇ ನಗು.

ಮನೆಯಲ್ಲಿ ಹೇಳಿದ್ದಕ್ಕೆ ಗಂಡ ಚೆಲುವರಾಜು, "ಗಂಡೋ ಎಣ್ಣೋ ಕೇಳ್ಬೇಕಿತ್ತು ಕಣಮ್ಮಿ," ಎಂದ. ಗೂಡ್ಸ್ ಆಟೋ ಓಡಿಸುವವನು, ಬಾಯಿಗೆ ಬ್ರೇಕಿಲ್ಲ. ಆಮೇಲೆ ತಾನೇ ನೀರಿನ ಕೊಡ ಎತ್ತಿ ಇಟ್ಟ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು. ಬೇಡ ಎನ್ನಬೇಕಿತ್ತೇನೋ. ಎನ್ನಲಿಲ್ಲ.

ಆಗಸ್ಟ್ 1, ಶುಕ್ರವಾರ

ಮೊದಲ ದಿನ. ನೋವು ತೊಡೆಗೂ ಇಳಿಯಿತು. ಮೊಟ್ಟೆ ಸುಲಿಯುತ್ತಾ ಕೂತೆ. ಯಾರಿಗೂ ಗೊತ್ತಿಲ್ಲ.

ಡಾಕ್ಟರಮ್ಮನ ಲೆಕ್ಕದಲ್ಲಿ ಐದನೇ ದಿನ ಮಂಗಳವಾರ. ಮಂಗಳವಾರಕ್ಕೆ ಏನು ಹೇಳಿ ರಜೆ ಕೇಳಲಿ? ಮೂರನೇ ಶನಿವಾರ ಹೋದರಾಯಿತು.

ಆಗಸ್ಟ್ 16, ಶನಿವಾರ

ಗುಳ್ಳೆ ಆರೂವರೆ ಸೆಂಟಿಮೀಟರ್ ಆಗಿದೆ. ಒಳಗೆ ಸ್ವಲ್ಪ ರಕ್ತವೂ ಇದೆಯಂತೆ.

ಒಳಗೆ ಹೋಗುತ್ತಲೇ ಡಾಕ್ಟರಮ್ಮ ಕೇಳಿದರು, "ಯಾವತ್ತಾಯ್ತು?" ನಾನು, "ಹೋದ ಶನಿವಾರ, ಮೇಡಂ." ಬೆರಳು ಮಡಚಿ ಎಂಟು ಎಣಿಸಿ, ಸರಿ ಎಂದರು. ಸ್ಕ್ಯಾನ್ ಮುಗಿದ ಮೇಲೆ ಅವರ ಮುಖ ಮೊದಲಿನ ಹಾಗಿರಲಿಲ್ಲ.

"ಮುಟ್ಟು ಮುಗಿದ ಮೇಲೂ ಬೆಳೆದಿದೆ ಅಂದ್ರೆ ನಾನು ಸುಮ್ನೆ ಕೂರೋ ಹಾಗಿಲ್ಲ. ರಕ್ತಪರೀಕ್ಷೆ ಮಾಡ್ಸೋಣ, ಮೈಸೂರಿಗೆ ಬರೆದುಕೊಡ್ತೀನಿ. ಆಪರೇಷನ್ನೇ ಬೇಕಾಗಬಹುದು. ತಾರೀಖು ಬರೆದ ಪುಸ್ತಕ ತಂದಿದೀರಾ?"

"ಮರ್ತೆ."

ಪುಸ್ತಕ ಬ್ಯಾಗಿನಲ್ಲೇ ಇತ್ತು. ಅದರಲ್ಲಿ ನಿಜವಾದ ತಾರೀಖುಗಳಿವೆಯಲ್ಲ.

ಆಗಸ್ಟ್ 17, ಭಾನುವಾರ

ಏನೂ ಬರೆಯಬೇಕು ಎನ್ನಿಸುತ್ತಿಲ್ಲ.

ಆಗಸ್ಟ್ 20, ಬುಧವಾರ

ಚೆಲುವರಾಜುವಿನ ತಮಾಷೆಯೆಲ್ಲ ನಿಂತುಹೋಗಿದೆ. ನಿನ್ನೆ ಸಂಜೆ ಅವನೇ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರ್ ನನ್ನ ಮುಖ ನೋಡಲಿಲ್ಲ, ರಿಪೋರ್ಟು ನೋಡಿದ. ಅವನು ಮಾತಾಡಿದ್ದೂ ಗಂಡನ ಜೊತೆ.

"ಮಕ್ಕಳೆಷ್ಟು? ಎರಡಾ? ಇನ್ನೇನ್ ಬೇಕು? ಗರ್ಭಕೋಶ, ಅಂಡಾಶಯ ಎಲ್ಲಾ ಒಟ್ಟಿಗೆ ತೆಗೆದುಬಿಟ್ರೆ ಮುಂದೆ ತಲೆನೋವೇ ಇರಲ್ಲ. ಗಣಪತಿ ಹಬ್ಬ ಮುಗಿಸ್ಕೊಂಡು ಇಪ್ಪತ್ತೊಂಬತ್ತಕ್ಕೆ ಬನ್ನಿ."

ತಲೆನೋವು ಯಾರಿಗೆ ಎಂದು ಕೇಳಬೇಕಿತ್ತು. ತಹಸೀಲ್ದಾರರ ಮೇಜು ಕುಟ್ಟಿದ ನಾನು ಸೆರಗಿನ ತುದಿ ಸುತ್ತುತ್ತಾ ಕೂತಿದ್ದೆ. ಮೂವತ್ತೆಂಟು ವರ್ಷಕ್ಕೆ ಒಳಗಿರುವುದನ್ನೆಲ್ಲ ಕೊಟ್ಟು ಬರಬೇಕು. ಕ್ಯಾನ್ಸರ್ ಆಗಿದ್ದರೆ ಎಂಬ ಮಾತನ್ನು ಅವನು ಅನ್ನಲಿಲ್ಲ, ಚೆಲುವರಾಜು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೂವರೂ ಅದನ್ನೇ ಯೋಚಿಸುತ್ತಿದ್ದೆವು.

"ಒಪ್ಕೊ ವನಜಾ," ಎಂದ ದಾರಿಯಲ್ಲಿ. "ನೀನಿದ್ರೆ ಸಾಕು ನಂಗೆ."

ಒಪ್ಪಿದೆ.

ಆಗಸ್ಟ್ 22, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಅಡುಗೆಮನೆಯಲ್ಲಿ ಗುಳ್ಳೆಯ ಎಳೆತ, ಐದನೇ ದಿನದ ಸ್ಕ್ಯಾನು ಎಲ್ಲ ಹೇಳಿದೆ, ಹಬ್ಬದ ಮಾರನೇ ದಿನದಿಂದ ಎರಡು ತಿಂಗಳು ಬರುವುದಿಲ್ಲ, ಎಲ್ಲ ತೆಗೆಯುತ್ತಾರೆ ಎಂದು. ಗೌರಮ್ಮಕ್ಕ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನಂದ್ನೂ ತಗ್ದವ್ರೆ ಕಣಮ್ಮಿ. ಮೂವತ್ತೆರಡರಲ್ಲಿ. ಇಪ್ಪತ್ತು ವರ್ಸ ಆಯ್ತು."

ನಾನೂ ರಾಣಿಯೂ ಮುಖ ಮುಖ ನೋಡಿಕೊಂಡೆವು.

"ಮತ್ತೆ ನೀನು ಹನ್ನೊಂದು ವರ್ಸದಿಂದ ಶನಿವಾರ ಶನಿವಾರ ಅಂತಿದ್ದೆ?" ಎಂದೆ.

"ಇಲ್ಲ ಅಂದ್ರೆ ಅದ್ಕೂ ಒಂದ್ ಮಾತಾಡ್ತರೆ. ನಿಮ್ ಜೊತ್ಗೇ ಇರ್ಲಿ ಅಂತ ಇಟ್ಕೊಂಡಿದ್ದೆ."

ರಾಣಿ ಕಿಸಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಗೌರಮ್ಮಕ್ಕನೂ ನಕ್ಕಳು, ಮೊರ ಅಲ್ಲಾಡಿ ಅಕ್ಕಿ ಚೆಲ್ಲಿತು. ಆಮೇಲೆ ಕಣ್ಣು ಒರೆಸಿಕೊಂಡಳು.

"ತಗ್ದ ಮೇಲೆ ಚೆನ್ನಾಗಿದೀಯಾ ಅಕ್ಕ?"

"ನೀನೇ ಮೊದ್ಲು ಕೇಳ್ದೋಳು. ಮಂಡಿ ಇಡ್ಕೊಂಡು ಕೂತ್ರೆ ಏಳಕ್ಕಾಗಲ್ಲ, ಮೈಯೆಲ್ಲ ಉರಿ, ನಿದ್ದಿಲ್ಲ. ಯಾಕ್ ತಗ್ದ್ರು ಅಂತ ಇವತ್ಗೂ ಗೊತ್ತಿಲ್ಲ. ಬಿಳಿ ಓಯ್ತದೆ ಅಂತ ತೋರ್ಸಕ್ಕೆ ಓಗಿದ್ದೆ, ಅಷ್ಟೆಯ."

ಅಷ್ಟು ಹೊತ್ತಿಗೆ ರಾಣಿ ನನ್ನ ಹತ್ತಿರ ಸರಿದಳು. ಇಪ್ಪತ್ತಾರರ ಹುಡುಗಿ, ಬಾಯಿ ಬಿಡುವುದೇ ಅಪರೂಪ. "ವನಜಕ್ಕ, ನಂಗೂ ಎರಡ್ ತಿಂಗ್ಳಿಂದ ಅಂಗೇ ಎಳ್ದಂಗಾಯ್ತದೆ. ಸ್ಕ್ಯಾನ್‌ಗೆ ಐದನೇ ದಿನಕ್ಕೇ ಓಗ್ಬೇಕಂತಲ್ಲ, ಯಾಕಂತೆ?"

ತಿಳಿಸಿ ಹೇಳುವುದರಲ್ಲಿ ನಾನು ಎತ್ತಿದ ಕೈ. ಸೌಟಿನಿಂದ ನೆಲದ ಮೇಲೆ ಗೆರೆ ಎಳೆದೆ. "ನೋಡಮ್ಮಿ, ಇದು ತಿಂಗ್ಳು. ಇಲ್ಲಿ ಮುಟ್ಟು. ಇಲ್ಲಿ ನಡುವೆ ಒಂದು ಗುಳ್ಳೆ ತಾನಾಗೇ ಬೆಳೀತದೆ. ಎಲ್ಲಾ ಎಂಗಸ್ರಿಗೂ. ಈ ನಡುವೆ ಓಗಿ ಸ್ಕ್ಯಾನ್ ಮಾಡ್ಸುದ್ರೆ ದೊಡ್ಡದಾಗೇ ಕಾಣ್ತದೆ, ಸುಮ್ನೆ ಎದ್ರಿಸ್ತದೆ. ಅದ್ಕೇ ಐದನೇ ದಿನ..."

ಅಷ್ಟಕ್ಕೆ ನಿಂತೆ. ಸೌಟು ಗೆರೆಯ ನಡುವೆಯೇ ಇತ್ತು. ಆಗಸ್ಟ್ ಒಂದರಿಂದ ಹದಿನಾರು. ನಾನು ಹೋಗಿದ್ದು ಹದಿನಾರನೇ ದಿನ. ಜೂನಿನಲ್ಲಿ ಹೋಗಿದ್ದು ಇಪ್ಪತ್ತು ದಾಟಿದ ಮೇಲೆ.

"ಬೇಳೆ ಸೀದೋಯ್ತಾ ಅದೆ," ಎಂದು ಗೌರಮ್ಮಕ್ಕ ಕೂಗಿದಳು.

ಆಗಸ್ಟ್ 23, ಶನಿವಾರ

ಮೂರನೇ ಶನಿವಾರವಲ್ಲ, ಮೀಟಿಂಗಿಲ್ಲ. ಮೇಷ್ಟ್ರಿಗೆ ಫೋನು ಮಾಡಿ, "ಆಸ್ಪತ್ರೆಗೆ ಓಯ್ತಿದೀನಿ ಸಾ, ಬರಲ್ಲ," ಎಂದೆ. ಏನಾಗಿದೆ ಎಂದರು. "ಎಂಗಸ್ರ ಕಾಯಿಲೆ" ಎಂದ ಕೂಡಲೇ ಫೋನು ಇಟ್ಟುಬಿಟ್ಟರು. ಇಷ್ಟು ಸುಲಭವೇ!

ಡಾಕ್ಟರಮ್ಮನ ಮೇಜಿನ ಮೇಲೆ ಪುಸ್ತಕ ಇಟ್ಟೆ. ತಾರೀಖುಗಳನ್ನು ಓದಿದರು. ಒಂದು ಸಲ, ಇನ್ನೊಂದು ಸಲ. ಸಿಟ್ಟಿನಲ್ಲಿ ಮೂಗು ಕೆಂಪಾಯಿತು.

"ನೀವು ಹೇಳಿದ ಶನಿವಾರ ನಂಬ್ಕೊಂಡು ನಾನು ನಿಮ್ಮನ್ನ ಆಪರೇಷನ್ ಟೇಬಲ್ಲಿಗೆ ಕಳಿಸ್ತಿದ್ದೆ ಕಣ್ರೀ! ಯಾಕ್ರೀ ಸುಳ್ಳು ಹೇಳಿದ್ರಿ?"

ಹೇಳಿದೆ. ಸೌಟಿನ ಕಥೆ, ಚಾಮಯ್ಯನ ಕಥೆ, ಮೂರು ಜನರ ಶನಿವಾರದ ಕಥೆ, ಇಲ್ಲದ ಮುಟ್ಟನ್ನೂ ನಮ್ಮ ಜೊತೆಗೆ ಇಟ್ಟುಕೊಂಡಿದ್ದ ಗೌರಮ್ಮಕ್ಕನ ಕಥೆ. ಆಕೆಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊರಗೆ ಸಾಲು ನಿಂತಿದ್ದ ಹೆಂಗಸರು ಬಾಗಿಲಿಗೆ ಕಿವಿ ಕೊಟ್ಟಿದ್ದರು.

"ಮುಂದಿನ ಮುಟ್ಟು ಬರಲಿ. ನಿಜವಾದ ಮುಟ್ಟು. ನಿಜವಾದ ಐದನೇ ದಿನ ಬನ್ನಿ. ರಕ್ತಪರೀಕ್ಷೆಗೆ ಇವತ್ತೇ ಕೊಟ್ಟು ಹೋಗಿ. ಇಂಗುತ್ತೆ ಅಂತ ನಾನು ಮಾತು ಕೊಡಲ್ಲ. ನೋಡದೆ ಕುಯ್ಯೋದು ಮಾತ್ರ ಬೇಡ."

ಇಪ್ಪತ್ತೊಂಬತ್ತಕ್ಕೆ ಹೋಗುವುದಿಲ್ಲ ಎಂದು ಚೆಲುವರಾಜುವಿಗೆ ಹೇಳಿದೆ. ಕೂಗಾಡಿದ. "ಏನಾರ ಆದ್ರೆ? ನಿನ್ ಸಂಘ ಬತ್ತದಾ?" ನಾನು ಪುಸ್ತಕ ಕೊಟ್ಟು ಓದು ಎಂದೆ. ಆಟೋದಲ್ಲಿ ಕೂತು ಓದಿ ಬಂದ. ಊಟಕ್ಕೆ ಕೂತಾಗ, "ಕೊಡ ಎತ್ತಿದ್ದೂ ಬರ್ದಿದೀಯ," ಎಂದ. ಅಷ್ಟೇ.

ಆಗಸ್ಟ್ 30, ಶನಿವಾರ

ರಕ್ತದ ರಿಪೋರ್ಟಿನಲ್ಲಿ ಏನೂ ಕೆಟ್ಟದ್ದಿಲ್ಲ. ನಿನ್ನೆ ನರ್ಸಿಂಗ್ ಹೋಮಿನ ಟೇಬಲ್ಲಿನ ಮೇಲೆ ಇರಬೇಕಾಗಿದ್ದವಳು ಮನೆಯಲ್ಲಿ ಹಬ್ಬದ ಉಳಿದ ಕಡುಬು ತಿಂದೆ. ಮೂರು.

ಸೆಪ್ಟೆಂಬರ್ 4, ಗುರುವಾರ

ಇನ್ನೂ ಆಗಿಲ್ಲ. ಮೂವತ್ತೈದನೇ ದಿನ. ಜೀವಮಾನವೆಲ್ಲ ಬಾರದಿರಲಿ ಎಂದುಕೊಂಡಿದ್ದಕ್ಕೆ ಬಾಗಿಲಲ್ಲಿ ಕಾಯುತ್ತಿದ್ದೇನೆ. ದಿನಾ ಬೆಳಿಗ್ಗೆ ರಾಣಿ ಹುಬ್ಬಿನಲ್ಲೇ ಕೇಳುತ್ತಾಳೆ, ನಾನು ತಲೆ ಅಲ್ಲಾಡಿಸುತ್ತೇನೆ. ಗೌರಮ್ಮಕ್ಕ ಎಳ್ಳು ಬೆಲ್ಲ ತಂದು ಕೊಡುತ್ತಾಳೆ. ನೋವು ಕಮ್ಮಿ. ಹೊಟ್ಟೆ ಸ್ವಲ್ಪ ಇಳಿದಿದೆಯೋ, ಇಳಿದಿದೆ ಎಂದು ನನಗೆ ಆಸೆಯೋ.

ಸೆಪ್ಟೆಂಬರ್ 8, ಸೋಮವಾರ

ಆಯಿತು!

ಹಾಲು ಉಕ್ಕುವ ಹೊತ್ತಿಗೆ ಅಡುಗೆಮನೆಯಲ್ಲೇ ಗೊತ್ತಾಯಿತು. "ನಾನಾದೆ," ಎಂದು ಕೂಗಿದೆ. ಸಂತೋಷಕ್ಕೆ ಕೂಗಿದ್ದು, ಎಷ್ಟು ಜೋರಾಗಿ ಎಂದು ಅರಿವಿರಲಿಲ್ಲ. ರಾಣಿ ಕೈಯಲ್ಲಿದ್ದ ಲೋಟ ಬಿಟ್ಟು ಚಪ್ಪಾಳೆ ತಟ್ಟಿದಳು. ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಮೇಷ್ಟ್ರು ನಿಂತಿದ್ದರು.

ಅವರು ಹಿಂದಕ್ಕೆ ತಿರುಗುವ ಮುಂಚೆಯೇ ಕೇಳಿಬಿಟ್ಟೆ. "ಸಾ, ಶುಕ್ರವಾರ ನಂಗೆ ರಜಾ ಬೇಕು. ಐದನೇ ದಿನ. ಸ್ಕ್ಯಾನು."

"ವೈಯಕ್ತಿಕ ಕಾರಣ ಅಂತ ಬರ್ಕೋತೀನಿ ಬಿಡಮ್ಮ."

"ಮುಟ್ಟಿನ ಐದನೇ ದಿನ, ಸ್ಕ್ಯಾನು ಅಂತ ಬರೀರಿ ಸಾ. ಹನ್ನೊಂದು ವರ್ಸ ವೈಯಕ್ತಿಕ ಮಾಡಿಯೇ ಈ ಗತಿ."

ಪಾಪ, ಬೆವೆತುಹೋದರು. ಬರೆದುಕೊಂಡರೋ ಇಲ್ಲವೋ ನೋಡಲಿಲ್ಲ. ಸಾರಿಗೆ ಒಗ್ಗರಣೆ ಹಾಕಬೇಕಿತ್ತು. ನಾನೇ ಹಾಕಿದೆ. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡವು.

ಸೆಪ್ಟೆಂಬರ್ 10, ಬುಧವಾರ

ಮಾತು ಊರು ಸುತ್ತಿ ಬಂದಿದೆ. ಚಾಮಯ್ಯ ಬಂದು ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತ.

"ನೋಡವ್ವ ವನಜಾ, ನಾನು ಜಾತಿಗೀತಿ ಮಾತಾಡ್ತಿಲ್ಲ. ಕಾಲ ಬದ್ಲಾಗದೆ. ಆದ್ರೆ ಆ ಮೂರ್ ದಿನ ಒರ್ಗಡೆ ಇರಿ. ತಾಯಂದ್ರು ಕೇಳ್ತಾವ್ರೆ."

"ಯಾವ್ ತಾಯಂದ್ರು ಅಧ್ಯಕ್ಷರೇ? ಎಸ್ರು ಏಳಿ. ಅವ್ರು ಮುಟ್ಟೇ ಆಗ್ದೆ ಮಕ್ಳು ಎಂಗಾದೋ ಕೇಳ್ತೀನಿ."

"ಬಾಯಿ ಜೋರು ಕಣವ್ವ ನಿಂದು. ಶುಕ್ರವಾರ ಸಭೆ ಕರೀತೀನಿ. ಅಲ್ಲಿ ಮಾತಾಡು."

"ಶುಕ್ರವಾರ ನಾನಿರಲ್ಲ. ಆಸ್ಪತ್ರೆಗೆ ಓಯ್ತೀನಿ."

ಅವನಿಗೆ ಆಶ್ಚರ್ಯವಾಯಿತು. ಸಭೆ ಎಂದರೆ ಜ್ವರದಲ್ಲೂ ಬರುವವಳು ನಾನು. ಸೌಟು ಹೋಗುವುದಾದರೆ ಶುಕ್ರವಾರವೇ ಹೋಗುತ್ತದೆ. ಸಂಘದವರು, ಸ್ಕ್ಯಾನು ಮುಂದಕ್ಕೆ ಹಾಕು, ಸಭೆ ಮುಖ್ಯ ಎಂದರು. ಆಗುವುದಿಲ್ಲ ಎಂದೆ.

ಸೆಪ್ಟೆಂಬರ್ 12, ಶುಕ್ರವಾರ

"ಯಾವತ್ತಾಯ್ತು?"

"ಸೋಮವಾರ ಬೆಳಿಗ್ಗೆ, ಎಂಟೂ ಮುಕ್ಕಾಲು, ಹಾಲು ಉಕ್ತಿತ್ತು."

"ಇಷ್ಟೊಂದು ಬೇಡ ರೀ," ಎಂದು ನಕ್ಕರು ಡಾಕ್ಟರಮ್ಮ.

ಮೂರು ಸೆಂಟಿಮೀಟರ್. ರಕ್ತವಿಲ್ಲ, ಬರೀ ನೀರು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಕಪ್ಪು ಬಟ್ಟು, ಹುರುಳಿಕಾಳಿನ ಹಾಗೆ ನುಣ್ಣಗೆ. ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು, ಹೋಗಿ ಇನ್ನೊಂದು ಬರಬಹುದು. ಇದ್ದುಕೊಂಡಿರಲಿ, ಆರು ತಿಂಗಳಿಗೊಮ್ಮೆ ನೋಡೋಣ, ಎಳೆತ ಇದ್ದ ದಿನ ಭಾರ ಎತ್ತಬೇಡಿ, ಬರೆಯುವುದು ಬಿಡಬೇಡಿ. ರಾಣಿಯನ್ನೂ ಕಳಿಸಿ ಎಂದರು.

ಹೊರಗೆ ಬಂದು ಮೂರು ಬೆರಳು ತೋರಿಸಿದೆ. ಚೆಲುವರಾಜು ಆಟೋದ ಹಾರನ್ನನ್ನು ಆಸ್ಪತ್ರೆಯ ಮುಂದೆಯೇ ಒತ್ತಿ, ವಾಚ್‌ಮನ್‌ನಿಂದ ಬೈಸಿಕೊಂಡ.

ಊರಿಗೆ ಬರುವ ಹೊತ್ತಿಗೆ ಮೂರೂವರೆ. ಸಭೆ ಮುಗಿದಿತ್ತು. ಗೌರಮ್ಮಕ್ಕ ಶಾಲೆಯ ಜಗಲಿಯ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರೊಬ್ಬರು ಉಂಡು ರುಜು ಹಾಕಬೇಕು, ಅದು ನಿಯಮ. ಇವತ್ತು ಅಧ್ಯಕ್ಷನೇ ಬಂದಿದ್ದನಲ್ಲ, ಅವನೇ ಕೂತ. ಅನ್ನ, ನುಗ್ಗೆಕಾಯಿ ಸಾರು. ಎರಡನೇ ಸಲವೂ ಹಾಕಿಸಿಕೊಂಡ. ರುಜು ಹಾಕಿ, ಕೈ ತೊಳೆದು, ಸಭೆ ಶುರು ಮಾಡಿ, ಮುಟ್ಟಾದವರು ಅಡುಗೆ ಮಾಡಿದರೆ ಊಟ ಕೆಡುತ್ತದೆ ಎಂದು ಭಾಷಣಕ್ಕೆ ನಿಂತ. ಆಗ ರಾಣಿ ಎದ್ದಳಂತೆ. ರಾಣಿ!

"ಸಾ, ಇವತ್ತಿನ ಸಾರು ಎಂಗಿತ್ತು?"

"ಚೆನ್ನಾಗಿತ್ತು. ಈಗ ಅದ್ಯಾಕೆ?"

"ನಾನು ಮಾಡಿದ್ದು ಸಾ. ಇವತ್ತು ನಂಗೆ ಎರಡನೇ ದಿನ. ನೀವು ಎರಡ್ ಸಲ ಆಕುಸ್ಕಂಡ್ರಿ. ರುಜುನೂವೆ ಆಕಿದೀರಿ."

ಹಿಂದೆ ಕೂತಿದ್ದ ತಾಯಂದಿರಲ್ಲಿ ಯಾರೋ ಒಬ್ಬಳು ನಕ್ಕಳಂತೆ. ಆಮೇಲೆ ನಗು ತಡೆಯುವುದಕ್ಕೆ ಆಗಲೇ ಇಲ್ಲವಂತೆ. ಚಾಮಯ್ಯನ ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡಿದ್ದಳಂತೆ. ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, ಬೇರೆ ವಿಷಯಗಳಿಲ್ಲದ ಕಾರಣ ಸಭೆ ಮುಗಿಯಿತು ಎಂದು ಬರೆದರಂತೆ.

ಹದಿನೇಳು ದಿನ ತಮಟೆ ಬಡಿದಿದ್ದೆವು ಆಗ. ಇವತ್ತು ಎರಡು ಸೌಟು ಸಾರಿನಲ್ಲಿ ಮುಗಿಯಿತು. ಅಂಥ ಹೊತ್ತಿನಲ್ಲಿ ನಾನು ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಹಚ್ಚಿಸಿಕೊಂಡು ಮಲಗಿದ್ದೆ. ಬೇಜಾರಾಗಬೇಕಿತ್ತು. ಹಸಿವಾಗಿತ್ತು. ಗೌರಮ್ಮಕ್ಕ ನನಗೆಂದು ತೆಗೆದಿಟ್ಟಿದ್ದ ಅನ್ನವನ್ನು ಜಗಲಿಯ ಮೇಲೇ ಕೂತು ಉಂಡೆ.

ಸೆಪ್ಟೆಂಬರ್ 15, ಸೋಮವಾರ

ಸ್ವಲ್ಪ ಎಳೆತ, ಎಡಗಡೆ. ದೊಡ್ಡ ತಪ್ಪಲೆಯನ್ನು ನಾನು ಇಳಿಸಲಿಲ್ಲ, ರಾಣಿಯೂ ಮೇಷ್ಟ್ರೂ ಇಳಿಸಿದರು. ಮುಂದಿನ ಸ್ಕ್ಯಾನು ಮಾರ್ಚಿನಲ್ಲಿ. ಯಾವ ತಾರೀಖು ಎಂದು ಮೇಷ್ಟ್ರು ಕೇಳಿದರು. ಮುಟ್ಟಾದ ದಿನ ಹೇಳುತ್ತೇನೆ ಎಂದೆ. ಆಯ್ತಮ್ಮ ಎಂದರು.